ಚಾವೊ: ಒಬ್ಬ ಗುಲಾಮನ ಹೆಸರು ಎಲ್ಲರ ಬಾಯಿಗೆ ಬಂದ ಕತೆ

ಪಿಜ್ಜಾ, ಪಾಸ್ತಾ ಬಿಟ್ಟರೆ ನಮಗೆಲ್ಲ ಗೊತ್ತಿರೋ ಇಟಾಲಿಯನ್ ಪದ ಯಾವುದು? ಬಹುಶಃ ಚಾವೊ. ಇಂಗ್ಲಿಷ್‌ನಲ್ಲಿ ಹೇಳೋದಾದ್ರೆ ಹಾಯ್ ಕೂಡ ಅದೇ, ಬೈ ಕೂಡ ಅದೇ. ಚ್ಯಾವ್ ಅಂತ ಎಳೆಯೋದು ಬೇಡ, 'ಚಾ' ಮೇಲೆ ಒತ್ತು ಕೊಟ್ಟು 'ಒ' ಅಂತ ಮುಗಿಸಿದ್ರೆ ಸಾಕು.

ಈ ಪದದ ಮೂಲ ಅರ್ಥ 'ಗುಲಾಮ'.

ಹುಟ್ಟಿದ್ದು ವೆನಿಸ್‌ನಲ್ಲಿ. ಅಲ್ಲಿನ ಆಡುಮಾತಿನಲ್ಲಿ ಗುಲಾಮನಿಗೆ 'ಸ್‌ಚಾವೊ' ಅಂತಿದ್ರು. ದೊಡ್ಡ ಮನೆತನದವರು ಎದುರಾದಾಗ 'ಸ್‌ಚಾವೊ ವೊಸ್ತ್ರೊ', ಅಂದ್ರೆ 'ನಾನು ನಿಮ್ಮ ಗುಲಾಮ', ಅಂತ ಮರ್ಯಾದೆಗೆ ಹೇಳಿಕೊಳ್ತಿದ್ರು. ನಾವು ಶಾಲೆಯ ರಜಾ ಅರ್ಜಿಯಲ್ಲಿ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಅಂತ ಬರೀತಿದ್ವಲ್ಲ, ಹಾಗೆ. ಎಷ್ಟು ವಿಧೇಯರಾಗಿದ್ವಿ ಅನ್ನೋದು ಮೇಷ್ಟ್ರಿಗೂ ಗೊತ್ತಿತ್ತು! ಆಸ್ಟ್ರಿಯಾದಲ್ಲಿ ಇವತ್ತಿಗೂ 'ಸೆರ್ವುಸ್' ಅಂತಾರೆ. ಅದೂ ಗುಲಾಮ ಅನ್ನೋ ಲ್ಯಾಟಿನ್ ಪದವೇ.

ಆದ್ರೆ ವೆನಿಸ್‌ನಲ್ಲಿ ಇದು ಬರೀ ಮಾತಿನ ಅಲಂಕಾರ ಆಗಿರಲಿಲ್ಲ. ಆ ಊರಲ್ಲಿ ನಿಜವಾದ ಗುಲಾಮರಿದ್ರು. ಎದುರು ದಡದ ಸ್ಲಾವ್ ಜನರನ್ನು ಹಿಡಿದು ಮಾರೋದು ಎಷ್ಟು ಹೆಚ್ಚಾಯ್ತು ಅಂದ್ರೆ, ಆ ಜನಾಂಗದ ಹೆಸರೇ ಗುಲಾಮ ಅನ್ನೋದಕ್ಕೆ ಪದವಾಗಿ ನಿಂತುಬಿಡ್ತು. ಇಂಗ್ಲಿಷ್‌ನ 'ಸ್ಲೇವ್' ಕೂಡ ಅದೇ ಬೇರಿನದು. ಆಮೇಲೆ ಕಪ್ಪು ಸಮುದ್ರದ ಬಂದರುಗಳಿಂದ ತಾತಾರ್, ಸರ್ಕೇಸಿಯನ್ ಜನರನ್ನೂ ಹಡಗಿನಲ್ಲಿ ತಂದ್ರು.

ಚೀನಾಕ್ಕೆ ಹೋಗಿಬಂದ ಮಾರ್ಕೊ ಪೋಲೊ ಗೊತ್ತಲ್ಲ? 1324ರಲ್ಲಿ ಸಾಯೋ ಮುಂಚೆ ಅವನು ಬರೆಸಿದ ಉಯಿಲು ಇವತ್ತಿಗೂ ವೆನಿಸ್‌ನ ಗ್ರಂಥಾಲಯವೊಂದರಲ್ಲಿದೆ. ಅದರಲ್ಲಿ ಪಿಯೆತ್ರೊ ಅನ್ನೋ ತಾತಾರ್ ಗುಲಾಮನಿಗೆ ಬಿಡುಗಡೆ ಕೊಟ್ಟು, 100 ಲೀರಾ ಹಣ ಕೊಡಬೇಕು ಅಂತ ಹೇಳಿದ್ದಾನೆ. ಪಿಯೆತ್ರೊ ಅಂದ್ರೆ ನಮ್ಮ ಪೀಟರ್. ಅಪ್ಪ ಅಮ್ಮ ಇಟ್ಟ ತಾತಾರ್ ಹೆಸರು ಏನಿತ್ತೋ, ಉಯಿಲಿನಲ್ಲಿ ಅದಿಲ್ಲ.

ಮುಂದೆ 'ಸ್‌ಚಾವೊ' ಸವೆದು ಸವೆದು 'ಚಾವೊ' ಆಯ್ತು. 19ನೇ ಶತಮಾನದಲ್ಲಿ ಮಿಲಾನ್ ಕಡೆಗೆ, ಉತ್ತರ ಇಟಲಿಗೆ ಹಬ್ಬಿತು. 20ನೇ ಶತಮಾನದಲ್ಲಿ ಇಡೀ ದೇಶಕ್ಕೆ. 1918ರಲ್ಲಿ ಇಟಲಿಯ ಯುದ್ಧರಂಗದಲ್ಲಿ ಆಂಬ್ಯುಲೆನ್ಸ್ ಓಡಿಸ್ತಿದ್ದ ಹೆಮಿಂಗ್ವೇ, 1929ರ ತನ್ನ ಕಾದಂಬರಿಯಲ್ಲಿ ಇದನ್ನು ಇಂಗ್ಲಿಷ್ ಓದುಗರ ಮುಂದಿಟ್ಟ.

ತಮಾಷೆ ಏನಂದ್ರೆ, ತಲೆ ಬಾಗಿಸಿ ಹೇಳ್ತಿದ್ದ ಈ ಮಾತು ಈಗ ಸಲುಗೆಯ ಮಾತು. ಗೆಳೆಯರಿಗೆ ಚಾವೊ ಅನ್ನಬಹುದು, ಗುರುತಿಲ್ಲದ ಅಂಗಡಿಯಜ್ಜನಿಗೆ ಅಂದ್ರೆ ಸರಿಹೋಗಲ್ಲ. ಅಲ್ಲಿ 'ಬ್ವೊನ್‌ಜೋರ್ನೊ' ಅನ್ನಬೇಕು, ಗುಡ್ ಮಾರ್ನಿಂಗ್ ಇದ್ದ ಹಾಗೆ. ಥ್ಯಾಂಕ್ಸ್‌ಗೆ 'ಗ್ರಾತ್ಸಿಎ', ಕೊನೆಯ 'ಎ' ನುಂಗಬೇಡಿ. ಉತ್ತರ 'ಪ್ರೇಗೊ', ಅಂದ್ರೆ ಯು ಆರ್ ವೆಲ್ಕಮ್. ಅಕ್ಷರಶಃ ನೋಡಿದ್ರೆ 'ಬೇಡಿಕೊಳ್ತೇನೆ'. ಫೋನ್ ಎತ್ತಿ 'ಪ್ರೊಂತೊ' ಅಂತಾರೆ, ಅಂದ್ರೆ 'ರೆಡಿ'. ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. 'ನೊನ್ನೊ' ಅಂದ್ರೆ ತಾತ, 'ನೋನೊ' ಅಂದ್ರೆ ಒಂಬತ್ತನೆಯ. ಇಂಗ್ಲಿಷ್‌ನವರು ಒದ್ದಾಡೋ ಈ ವ್ಯತ್ಯಾಸ ನಮ್ಮ ಒತ್ತಕ್ಷರದಲ್ಲೇ ಇದೆ.

ಇನ್ನು ಹೌ ಆರ್ ಯು. ಇಂಗ್ಲಿಷ್‌ಗೆ ಇದು ಒಂದೇ. ಇಟಾಲಿಯನ್‌ನಲ್ಲಿ 'ಕೋಮೆ ಸ್ತಾಯ್' ಅಂದ್ರೆ ಹೇಗಿದ್ದೀಯ, 'ಕೋಮೆ ಸ್ತಾ' ಅಂದ್ರೆ ಹೇಗಿದ್ದೀರಿ. ಈ ಎರಡನೆಯದರ ಹಿಂದಿರೋ ಗೌರವದ 'ನೀವು' ಅಂದ್ರೆ 'ಲೇಯ್'. ಅದೇ ಪದಕ್ಕೆ 'ಅವಳು' ಅಂತಲೂ ಅರ್ಥ. ಹಿಂದೆ ದೊಡ್ಡವರನ್ನು 'ತಮ್ಮ ಪ್ರಭುತ್ವ' ಅನ್ನೋ ಥರ ಕರೀತಿದ್ರು, ಆ ಪದ ವ್ಯಾಕರಣದಲ್ಲಿ ಸ್ತ್ರೀಲಿಂಗ. ಹಾಗಾಗಿ 'ಅವಳು' ಬಂತು.

1938ರಲ್ಲಿ ಮುಸೊಲಿನಿ ಸರ್ಕಾರ ಇದರ ಮೇಲೆ ಬಿತ್ತು. 'ಲೇಯ್' ವಿದೇಶಿ, ಗುಲಾಮಿ ಬುದ್ಧಿಯದು, ಇನ್ಮೇಲೆ 'ವೋಯ್' ಅನ್ನಿ ಅಂತ ಆದೇಶ. ಅದೇ ವರ್ಷ ಯಹೂದಿಗಳ ವಿರುದ್ಧ ಜನಾಂಗೀಯ ಕಾನೂನುಗಳೂ ಬಂದವು. ಯಾರನ್ನು ಹೇಗೆ ಮಾತಾಡಿಸಬೇಕು ಅನ್ನೋದರಿಂದ ಹಿಡಿದು ಯಾರು ಈ ದೇಶದವರು ಅನ್ನೋವರೆಗೆ ಎಲ್ಲಕ್ಕೂ ಮೇಲಿಂದಲೇ ಅಪ್ಪಣೆ. 'ಲೇಯ್' ಅನ್ನೋ ಹೆಸರಿನ ಮಹಿಳಾ ಪತ್ರಿಕೆಯೊಂದಿತ್ತು. ಅಲ್ಲಿ ಅರ್ಥ 'ಅವಳು' ಅಷ್ಟೇ. ಆದ್ರೂ ಹೆಸರು ಬದಲಾಯಿಸಿ 'ಅನ್ನಬೆಲ್ಲಾ' ಅಂತ ಇಟ್ರು. ಹಾಗಾದ್ರೆ ಗೆಲಿಲಿಯೊ ಗೆಲಿಲೇಯ್ ಇನ್ಮುಂದೆ ಗೆಲಿಲಿಯೊ ಗೆಲಿವೋಯ್ ಅಂತ ಜೋಕ್ ಹುಟ್ಟಿಕೊಂಡಿತು.

ಸರ್ಕಾರ ಬಿದ್ದ ಮೇಲೆ 'ಲೇಯ್' ವಾಪಸ್ ಬಂತು. ನೇಪಲ್ಸ್ ಮತ್ತು ದಕ್ಷಿಣದ ಊರುಗಳಲ್ಲಿ ಮಾತ್ರ ಹಳಬರು 'ವೋಯ್' ಅಂತಲೇ ಮಾತಾಡಿಸ್ತಾ ಉಳಿದರು. ಅದು ಮುಸೊಲಿನಿ ಹೇಳಿಕೊಟ್ಟಿದ್ದಲ್ಲ, ಅವನಿಗಿಂತ ಎಷ್ಟೋ ಮುಂಚಿನಿಂದ ಅವರ ಮನೆಗಳಲ್ಲಿ ಇದ್ದದ್ದು.