ಸ್ಪರ್ಧಾ ಜಲವಿಮಾನಗಳು

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ವೇಗದ ಪಂದ್ಯಕ್ಕೆಂದೇ ರೂಪಿಸಿದ, ನೀರಿನಿಂದಲೇ ಮೇಲೆದ್ದು ನೀರಿಗೇ ಇಳಿಯುವ ವಿಮಾನಗಳು. ಬ್ರಿಟನ್, ಇಟಲಿ, ಅಮೆರಿಕ, ಫ್ರಾನ್ಸ್ ದೇಶಗಳು ಇವುಗಳ ರಚನೆಯಲ್ಲಿ ಪೈಪೋಟಿಗಿಳಿದಿದ್ದವು. 1927ರಿಂದ 1939ರವರೆಗೆ ಜಗತ್ತಿನ ಅತಿ ಹೆಚ್ಚು ವೇಗದ ವಿಮಾನವೆಂಬ ದಾಖಲೆ ಜಲವಿಮಾನಗಳದ್ದೇ ಆಗಿತ್ತು. ನೀರಿನ ಮೇಲೆ ತೇಲಿಸುವ, ಆದರೆ ಗಾಳಿಗೆ ಅಡ್ಡವಾಗುವ ಎರಡು ದೊಡ್ಡ ಫ್ಲೋಟ್‌ಗಳನ್ನು ಹೊಟ್ಟೆಯಡಿ ಹೊತ್ತ ವಿಮಾನ ನೆಲದ ವಿಮಾನವನ್ನು ಹಿಂದೆ ಹಾಕಿದ್ದು ಹೇಗೆ ಎಂಬುದೇ ಇವುಗಳ ರಚನೆಯ ತಿರುಳು.

ಸ್ಪರ್ಧೆ: ಫ್ರಾನ್ಸಿನ ಝಾಕ್ ಷ್ನೈಡರ್ 1912ರಲ್ಲಿ ಘೋಷಿಸಿದ ಟ್ರೋಫಿಗಾಗಿ 1913ರಲ್ಲಿ ಮೊನಾಕೊದಲ್ಲಿ ಮೊದಲ ಪಂದ್ಯ ನಡೆಯಿತು. ಸಮುದ್ರದ ಮೇಲೆ ಪ್ರಯಾಣಿಕರನ್ನೂ ಅಂಚೆಯನ್ನೂ ಒಯ್ಯುವ ವಿಮಾನಗಳು ಬೆಳೆಯಲಿ ಎಂಬುದು ಅವರ ಆಸೆ. ಪಂದ್ಯ ಹಿಡಿದ ದಾರಿ ಬೇರೆ. ಐದು ವರ್ಷಗಳೊಳಗೆ ಮೂರು ಸಲ ಗೆದ್ದ ದೇಶಕ್ಕೆ ಟ್ರೋಫಿ ಶಾಶ್ವತವಾಗಿ ಸಲ್ಲುತ್ತದೆಂಬ ನಿಯಮವಿದ್ದುದರಿಂದ ಸರ್ಕಾರಗಳೂ ವಾಯುಪಡೆಗಳೂ ಕಣಕ್ಕಿಳಿದವು. 1922ರಲ್ಲಿ ನೇಪಲ್ಸ್‌ನಲ್ಲಿ ಗೆದ್ದ ಸೂಪರ್‌ಮರೀನ್ ಸೀ ಲಯನ್ ದೋಣಿಯಂಥ ಒಡಲಿನ ಎರಡು ರೆಕ್ಕೆಯ ವಿಮಾನ. ಅದರ ಸರಾಸರಿ ವೇಗ ಗಂಟೆಗೆ ಸುಮಾರು 234 ಕಿ.ಮೀ. 1931ರ ಕೊನೆಯ ಪಂದ್ಯದಲ್ಲಿ ಈ ವೇಗ 547 ಕಿ.ಮೀ. ಮುಟ್ಟಿತು. ಆ ವರ್ಷದ ಒಂದು ಸುತ್ತು 50 ಕಿ.ಮೀ., ಹೆಚ್ಚುಕಡಿಮೆ ಕಲಬುರಗಿಯಿಂದ ಸೇಡಂಗೆ ಇರುವಷ್ಟು ದೂರ. ಅದನ್ನು ವಿಮಾನ ಐದೂವರೆ ನಿಮಿಷದಲ್ಲಿ ಮುಗಿಸುತ್ತಿತ್ತು.

ನೀರೇ ಏಕೆ: ಆಗಿನ ಪ್ರೊಪೆಲ್ಲರಿನ ಅಲಗುಗಳ ಓರೆಯನ್ನು ಹಾರಾಟದ ನಡುವೆ ಬದಲಿಸುವಂತಿರಲಿಲ್ಲ. ಪೂರ್ಣ ವೇಗಕ್ಕೆ ಹೊಂದುವಂತೆ ಓರೆಯಿಟ್ಟರೆ ಹೊರಡುವಾಗ ಅದು ಗಾಳಿಯನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ; ವಿಮಾನ ಬಹುದೂರ ಓಡಿದ ಮೇಲೆಯೇ ಏಳುತ್ತಿತ್ತು. ವೇಗಕ್ಕಾಗಿ ರೆಕ್ಕೆಯನ್ನು ಕಿರಿದು ಮಾಡಿದಷ್ಟೂ ಇಳಿಯುವ ವೇಗವೂ ಹೆಚ್ಚುತ್ತಿತ್ತು. ಅಷ್ಟು ಉದ್ದದ ರನ್‌ವೇ ಅಂದು ಯಾವ ನಿಲ್ದಾಣದಲ್ಲೂ ಇರಲಿಲ್ಲ; ಸಮುದ್ರದ ಕೊಲ್ಲಿಗಳಲ್ಲಿ ಬೇಕಾದಷ್ಟು ಜಾಗವಿತ್ತು. ಫ್ಲೋಟ್‌ಗಳಿಂದಾಗುವ ನಷ್ಟಕ್ಕಿಂತ ಚಿಕ್ಕ ರೆಕ್ಕೆಯ ಲಾಭವೇ ದೊಡ್ಡದಾಯಿತು.

ಫ್ಲೋಟ್‌ಗಳನ್ನೂ ಸುಮ್ಮನೆ ಬಿಡಲಿಲ್ಲ. ಸೂಪರ್‌ಮರೀನ್ ಎಸ್.6ರಲ್ಲಿ ಇಂಧನ ತುಂಬುತ್ತಿದ್ದುದು ಅವುಗಳೊಳಗೇ. ಪ್ರೊಪೆಲ್ಲರ್ ತಿರುಗುವ ರಭಸಕ್ಕೆ ಪ್ರತಿಯಾಗಿ ವಿಮಾನ ಎಡಕ್ಕೆ ವಾಲಿ, ಎಡಗಡೆಯ ಫ್ಲೋಟ್ ನೀರಿಗೆ ಒತ್ತಿಕೊಳ್ಳುತ್ತಿತ್ತು. ಅದನ್ನು ಸರಿದೂಗಿಸಲು ಬಲಗಡೆಯ ಫ್ಲೋಟ್‌ಗೆ ಹೆಚ್ಚು ಇಂಧನ ತುಂಬುತ್ತಿದ್ದರು. ಇಷ್ಟಾದರೂ ಹೊರಡುವಾಗ ವಿಮಾನವನ್ನು ನೇರಕ್ಕೆ ಹಿಡಿಯುವುದು ಪೈಲಟ್‌ನ ಕೈಚಳಕಕ್ಕೇ ಬಿಟ್ಟದ್ದಾಗಿತ್ತು. ಎರಚಿದ ನೀರು ಮುಖಕ್ಕೆ ಹೊಡೆದು ಮುಂದೇನೂ ಕಾಣುತ್ತಿರಲಿಲ್ಲ.

ತಂಪು ಮಾಡುವ ಬಗೆ: ಎಂಜಿನ್ ದೊಡ್ಡದಾದಷ್ಟೂ ಅದರ ಕಾವನ್ನು ಹೊರಹಾಕುವುದು ಕಷ್ಟವಾಯಿತು. ರೇಡಿಯೇಟರನ್ನು ಹೊರಗೆ ಚಾಚಿದರೆ ಗಾಳಿಯ ಎಳೆತ ಹೆಚ್ಚುತ್ತಿತ್ತು. 1923ರಲ್ಲಿ ಗೆದ್ದ ಅಮೆರಿಕದ ಕರ್ಟಿಸ್ ಸಿಆರ್-3 ವಿಮಾನ ರೆಕ್ಕೆಯ ಮೈಯನ್ನೇ ರೇಡಿಯೇಟರ್ ಮಾಡಿ ದಾರಿ ತೋರಿತು. 1925ರಲ್ಲಿ ಜೇಮ್ಸ್ ಡೂಲಿಟಲ್ ಅದೇ ವಂಶದ ಆರ್3ಸಿ-2ರಲ್ಲಿ ಗೆದ್ದರು. ಈ ಉಪಾಯವನ್ನು ಕೊನೆಯವರೆಗೂ ಒಯ್ದವರು ಎಸ್.6 ಮಾಲೆಯನ್ನು ರಚಿಸಿದ ಬ್ರಿಟನ್ನಿನ ಆರ್. ಜೆ. ಮಿಚೆಲ್. ಅವರ ಎಸ್.6ಬಿ ವಿಮಾನದಲ್ಲಿ ರೆಕ್ಕೆಯ ಎರಡು ಪದರಗಳ ನಡುವೆ ಮಾತ್ರವಲ್ಲ, ಫ್ಲೋಟ್‌ಗಳ ಮೇಲ್ಮೈಯಲ್ಲೂ ನೀರು ಹರಿಯುತ್ತಿತ್ತು. ಎಂಜಿನ್ ಎಣ್ಣೆ ಒಡಲಿನ ಪಕ್ಕೆಗುಂಟ ಹಾಯ್ದು ಬಾಲದ ರೆಕ್ಕೆಯೊಳಗೆ ತಣಿದು ಹಿಂದಿರುಗುತ್ತಿತ್ತು. ವಿಮಾನದ ಹೊರಮೈಯ ಬಹುಭಾಗ ರೇಡಿಯೇಟರ್ ಆಗಿತ್ತೆಂದರೆ ಅತಿಶಯೋಕ್ತಿಯಲ್ಲ. ಒಂದೇ ಭಾಗದಿಂದ ಎರಡು ಮೂರು ಕೆಲಸ ತೆಗೆಯುವ ಈ ಜಾಣ್ಮೆಯೇ ಸ್ಪರ್ಧಾ ವಿಮಾನಗಳ ನಿಜವಾದ ಸಾಧನೆ. ವೇಗದ ಅಂಕಿಗಳಿಗಿಂತ ಇದು ಹೆಚ್ಚು ಮೆಚ್ಚತಕ್ಕದ್ದು.

ಎಂಜಿನ್ ಮತ್ತು ಇಂಧನ: ಎಸ್.6 ಮಾಲೆಗೆ ಬಳಸಿದ ರೋಲ್ಸ್-ರಾಯ್ಸ್ ‘ಆರ್’ ಎಂಜಿನ್ 36.7 ಲೀಟರ್ ಗಾತ್ರದ್ದು, 12 ಸಿಲಿಂಡರುಗಳದ್ದು. 1929ರಲ್ಲಿ 1,900 ಅಶ್ವಶಕ್ತಿಯಷ್ಟಿದ್ದ ಅದರ ಬಲ 1931ಕ್ಕೆ 2,350ಕ್ಕೆ ಏರಿತು. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್, ಸೋಡಿಯಂ ತುಂಬಿ ತಂಪಾಗಿಡುವ ವಾಲ್ವುಗಳು, ಬೆಂಜಾಲ್ ಮತ್ತು ಮೆಥನಾಲ್ ಬೆರೆತ ಇಂಧನ ಇವೆಲ್ಲ ಸೇರಿ ಈ ಏರಿಕೆಗೆ ಕಾರಣವಾದವು. ಇಂಧನದ ಮಿಶ್ರಣ ಹದಗೊಳಿಸಿದವರು ರಾಡ್ ಬ್ಯಾಂಕ್ಸ್. 1931ರಲ್ಲಿ ಬ್ರಿಟಿಷ್ ಸರ್ಕಾರ ಹಣ ಕೊಡಲು ಹಿಂಜರಿದಾಗ ಸಿರಿವಂತೆ ಲೇಡಿ ಹ್ಯೂಸ್ಟನ್ 1,00,000 ಪೌಂಡ್ ಕೊಟ್ಟರು. ಇಟಲಿ ಮತ್ತು ಫ್ರಾನ್ಸಿನ ವಿಮಾನಗಳು ಸಿದ್ಧವಾಗದೆ, ಸೆಪ್ಟೆಂಬರ್ 13ರಂದು ಎಸ್.6ಬಿಯಲ್ಲಿ ಬ್ರಿಟಿಷ್ ಪೈಲಟ್ ಬೂತ್‌ಮನ್ ಒಬ್ಬರೇ ಹಾರಿ ಟ್ರೋಫಿಯನ್ನು ಬ್ರಿಟನ್ನಿಗೆ ಶಾಶ್ವತವಾಗಿ ಉಳಿಸಿದರು. ಅದೇ ತಿಂಗಳ 29ರಂದು ಅದೇ ಮಾದರಿಯ ವಿಮಾನದಲ್ಲಿ ಇನ್ನೊಬ್ಬ ಬ್ರಿಟಿಷ್ ಪೈಲಟ್ ಸ್ಟೇನ್‌ಫೋರ್ತ್ 655 ಕಿ.ಮೀ. ವೇಗ ದಾಟಿದರು.

ಇಟಲಿಯ ಉತ್ತರ: ಮಾರಿಯೊ ಕಾಸ್ಟೋಲ್ಡಿ ರಚಿಸಿದ ಮಾಕ್ಕಿ ಎಂ.39 ವಿಮಾನ 1926ರಲ್ಲಿ ಅಮೆರಿಕದ ನೆಲದಲ್ಲೇ ಗೆದ್ದಿತ್ತು. ಅವರ ಎಂ.ಸಿ.72 ವಿಮಾನದಲ್ಲಿ ಎರಡು ಎಂಜಿನ್‌ಗಳನ್ನು ಒಂದರ ಹಿಂದೊಂದು ಜೋಡಿಸಿ 24 ಸಿಲಿಂಡರುಗಳ ಫಿಯಟ್ ಎಎಸ್.6 ಎಂಜಿನ್ ಮಾಡಿದ್ದರು. ಎದುರುಬದುರಾಗಿ ತಿರುಗುವ ಎರಡು ಪ್ರೊಪೆಲ್ಲರುಗಳಿದ್ದುದರಿಂದ ಒಂದು ಪಕ್ಕಕ್ಕೆ ವಾಲುವ ಕಾಟ ತಪ್ಪಿತು. ಆದರೆ ವೇಗದಲ್ಲಿ ಒಳನುಗ್ಗುವ ಗಾಳಿಯಿಂದ ಮಿಶ್ರಣ ಕೆಟ್ಟು ಎಂಜಿನ್ ಹಿಮ್ಮುಖವಾಗಿ ಸಿಡಿಯುತ್ತಿತ್ತು. 1931ರಲ್ಲಿ ಪೈಲಟ್‌ಗಳಾದ ಮೊಂಟಿ ಮತ್ತು ಬೆಲ್ಲಿನಿ ಇದರ ಹಾರಾಟದಲ್ಲೇ ಪ್ರಾಣ ತೆತ್ತರು. ಎದುರಾಳಿ ದೇಶದ ಬ್ಯಾಂಕ್ಸ್ ಅವರೇ ಇಟಲಿಗೆ ಹೋಗಿ ಈ ತೊಡಕು ಬಿಡಿಸಲು ನೆರವಾದರು. 1934ರ ಅಕ್ಟೋಬರ್ 23ರಂದು ಗಾರ್ಡಾ ಸರೋವರದ ಮೇಲೆ ಫ್ರಾಂಚೆಸ್ಕೊ ಅಜೆಲ್ಲೊ 709 ಕಿ.ಮೀ. ವೇಗದಲ್ಲಿ ಹಾರಿದರು. ಪಿಸ್ಟನ್ ಎಂಜಿನ್ನಿನ ಜಲವಿಮಾನಗಳಲ್ಲಿ ಈ ದಾಖಲೆ ಇಂದಿಗೂ ಮುರಿದಿಲ್ಲ.

ಹೈದರಾಬಾದ್ ಸಂಬಂಧ: ಮಿಚೆಲ್ ರಚಿಸಿದ ಸ್ಪಿಟ್‌ಫೈರ್ ಯುದ್ಧವಿಮಾನ 1936ರ ಮಾರ್ಚ್ 5ರಂದು ಮೊದಲ ಬಾರಿ ಹಾರಿತು. ಎಸ್.6ಬಿಯ ಫ್ಲೋಟ್ ಕಳಚಿದರೆ ಸ್ಪಿಟ್‌ಫೈರ್ ಎಂದು ಹೇಳುವುದುಂಟು, ಅದು ಸರಿಯಲ್ಲ. ರೆಕ್ಕೆ, ಒಡಲು ಎರಡೂ ಹೊಸವು. ನಡುವೆ 1934ರಲ್ಲಿ ಟೈಪ್ 224 ಎಂಬ ಸೋತ ಪ್ರಯೋಗವೂ ಇದೆ. ಪಂದ್ಯಗಳಿಂದ ಬಂದದ್ದು ಆಕಾರವಲ್ಲ, ಲೋಹದ ತೆಳು ಹೊದಿಕೆ, ಸೂಪರ್‌ಚಾರ್ಜರ್ ಮತ್ತು ತಂಪು ವ್ಯವಸ್ಥೆಯ ಅನುಭವ.

ಈ ಸ್ಪಿಟ್‌ಫೈರ್ ಹಾರಿಸಿದ ಬ್ರಿಟಿಷ್ ವಾಯುಪಡೆಯ 152ನೇ ಸ್ಕ್ವಾಡ್ರನ್ನಿಗೆ, ಹೈದರಾಬಾದ್ ಸಂಸ್ಥಾನವನ್ನಾಳುತ್ತಿದ್ದ ನಿಜಾಮರು ಕೊಟ್ಟ ಹಣದ ನೆನಪಿಗೆ, ‘ಹೈದರಾಬಾದ್’ ಎಂಬ ಹೆಸರಿತ್ತು. ನಿಜಾಮರ ಶಿರೋವೇಷ್ಟನವೇ ಅದರ ಲಾಂಛನ. 1940ರ ಜನವರಿಯಲ್ಲಿ ಸ್ಪಿಟ್‌ಫೈರ್ ಪಡೆದ ಈ ಪಡೆ ಬ್ರಿಟನ್ ಕದನದಲ್ಲಿ ವಾರ್ಮ್‌ವೆಲ್ ನೆಲೆಯಿಂದ ಹೋರಾಡಿ, ಮುಂದೆ ಬರ್ಮಾ ರಂಗಕ್ಕೂ ಬಂತು. ಸೇಡಂ, ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದ್ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಜೋಳ ತೊಗರಿ ಬೆಳೆಯುವ, ಹಾಸುಗಲ್ಲು ಸೀಳುವ ಈ ಸೀಮೆಯ ಕಂದಾಯವೂ ನಿಜಾಮರ ಬೊಕ್ಕಸ ಸೇರುತ್ತಿತ್ತು. ಸ್ಕ್ವಾಡ್ರನ್ನಿನ ಹೆಸರಿನಲ್ಲಿ ನಿಜಾಮರು ಮಾತ್ರ ಕಾಣುತ್ತಾರೆ. ಕಂದಾಯ ಕಟ್ಟಿದ ಒಕ್ಕಲಿನ ಲೆಕ್ಕವನ್ನೂ ಈ ಚರಿತ್ರೆಗೆ ಸೇರಿಸಬೇಕು.

ಹಿನ್ನಡೆ: ಓರೆ ಬದಲಿಸಬಲ್ಲ ಪ್ರೊಪೆಲ್ಲರ್, ಇಳಿಯುವಾಗ ರೆಕ್ಕೆಯಿಂದ ಕೆಳಗೆ ಬಾಗುವ ಫ್ಲ್ಯಾಪ್, ಒಳಸೇರುವ ಚಕ್ರಗಳು ಬಂದ ಮೇಲೆ ನೀರಿನ ಅನುಕೂಲ ಉಳಿಯಲಿಲ್ಲ. 1939ರಲ್ಲಿ ಜರ್ಮನಿಯ ಹೈಂಕೆಲ್ ಹೆ 100 ಎಂಬ ನೆಲದ ವಿಮಾನ ಅಜೆಲ್ಲೊ ದಾಖಲೆಯನ್ನು ದಾಟಿತು. ಎಸ್.6ಬಿ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ, ಎಂ.ಸಿ.72 ಇಟಲಿಯ ವಿನ್ಯಾ ದಿ ವಾಲ್ಲೆ ವಾಯುಪಡೆ ಸಂಗ್ರಹಾಲಯದಲ್ಲಿದೆ. ಡೂಲಿಟಲ್ ಹಾರಿಸಿದ ಕರ್ಟಿಸ್ ವಿಮಾನ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಶದಲ್ಲಿದೆ.