ಸಾಲ ಕೊಟ್ಟವರೂ ಒಪ್ಪಬೇಕಿತ್ತು

1933ರ ಅಮೆರಿಕದಲ್ಲಿ ದಿನಕ್ಕೆ ಸುಮಾರು 1,000 ಮನೆಗಳು ಸಾಲ ತೀರದೆ ಕೈಬಿಡುತ್ತಿದ್ದವು. ಆಗಿನ ಮನೆಸಾಲದ ಅವಧಿ ಹೆಚ್ಚಾಗಿ ಮೂರರಿಂದ ಐದು ವರ್ಷ. ಕೊನೆಗೆ ಉಳಿದ ಅಸಲನ್ನು ಒಂದೇ ಗಂಟಿನಲ್ಲಿ ಕಟ್ಟಬೇಕು, ಇಲ್ಲವೇ ಸಾಲವನ್ನು ನವೀಕರಿಸಿಕೊಳ್ಳಬೇಕು. ಬ್ಯಾಂಕುಗಳೇ ಮುಳುಗುತ್ತಿರುವಾಗ ನವೀಕರಿಸುವವರಾದರೂ ಯಾರು?

ಜೂನ್‌ನಲ್ಲಿ ರೂಸ್‌ವೆಲ್ಟ್ ಸರ್ಕಾರ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಸ್ಥಾಪಿಸಿತು. ಅದು ಹಳೆಯ ಅಡಮಾನವನ್ನು ತಾನೇ ಕೊಂಡು, ಮನೆಯವರಿಗೆ ಶೇ. 5ರ ಬಡ್ಡಿಯಲ್ಲಿ 15 ವರ್ಷಗಳ ಕಂತು ಮಾಡಿಕೊಟ್ಟಿತು. ಆದರೆ ಸಾಲ ಕೊಟ್ಟಿದ್ದವರ ಕೈಗೆ ಬಂದದ್ದು ಮುಖ್ಯವಾಗಿ ಬಾಂಡು, ನಗದಲ್ಲ. ಅದರ ಬಡ್ಡಿಗಷ್ಟೇ ಸರ್ಕಾರದ ಖಾತರಿ, ಅಸಲಿಗಿಲ್ಲ. ಹಲವರು ಹಿಂಜರಿದರು. ಅವರ ಅನುಮಾನವನ್ನು ಬರೀ ದುರಾಸೆ ಎನ್ನಲಾಗದು. 1934ರಲ್ಲಿ ಅಸಲಿಗೂ ಖಾತರಿ ಸಿಕ್ಕಿತು. 1936ರ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಾಲಗಳು ಹೀಗೆ ಬದಲಾದವು. ಆಮೇಲೂ ಸುಮಾರು ಐವರಲ್ಲೊಬ್ಬರು ಕಂತು ಕಟ್ಟಲಾಗದೆ ಮನೆ ಕಳೆದುಕೊಂಡರು.