ವ್ಯಾಪಾರಿಗೆ ನಾಡು ಯಾವದು?

ಅಣ್ಣಿಗೇರಿಯ ಹೆಸರು ಬಂದೊಡನೆ ಕನ್ನಡಿಗರಿಗೆ ಎರಡು ಸಂಗತಿಗಳು ನೆನಪಾಗುವವು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರ್ಕ್ಯಾಲದ ಜಿನವಲ್ಲಭನ ಶಾಸನವು ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಂತೂ ಊರೊಳಗೆ ಇಂದಿಗೂ ನೋಡುವವರ ಕಣ್ಣಿಗೆ ಹಬ್ಬವಾಗಿ ನಿಂತಿದೆ. ಕವಿಯ ತಾಯಿಯ ತವರೂ ಶಿಲ್ಪಿಗಳ ಕೈವಾಡವೂ ಒಂದೇ ಊರಿಗೆ ದೊರೆತದ್ದು ಭಾಗ್ಯವೇ ಸರಿ. ಆದರೆ ಈ ಭಾಗ್ಯದ ಹಿಂದೆ ಎರೆಭೂಮಿಯ ಬೆಳೆಯೂ, ಆ ಬೆಳೆಯನ್ನು ಹೊನ್ನಾಗಿ ಮಾಡುವ ಪೇಟೆಯೂ ಇದ್ದವೆಂಬದನ್ನು ಮರೆಯಲಾಗದು.

ಬೆಳ್ವೊಲ ಮುನ್ನೂರು ಎಂಬ ಈ ನಾಡು ವ್ಯಾಪಾರಿಗಳ ನಾಡಾಗಿತ್ತು. ಸಮೀಪದ ಲೊಕ್ಕಿಗುಂಡಿಯ ಹೆಸರನ್ನು ಹೊತ್ತ ಲೊಕ್ಕಿ ಗದ್ಯಾಣವು ದೂರದೂರಕ್ಕೆ ಸಲ್ಲುವ ನಾಣ್ಯವಾಗಿತ್ತು. ಅಂದು ಧರ್ಮವೊಳಲೆನಿಸಿದ ದಂಬಳದಲ್ಲಿ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಯ ಗುಡಿಗೂ ದತ್ತಿ ಸಂದುದನ್ನು 1095ರ ಶಾಸನವು ತಿಳಿಸುತ್ತದೆ. ದಕ್ಷಿಣಕ್ಕೆ ಪುಲಿಗೆರೆಯು, ಎಂದರೆ ಈಗಿನ ಲಕ್ಷ್ಮೇಶ್ವರವು, ಮತ್ತೊಂದು ನಾಡಿನ ಕೇಂದ್ರವಾಗಿತ್ತು.

ಇಂಥ ನಾಡಿಗೆ ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ವಿಪತ್ತು ಬಂದೊದಗಿತು. ಕಲಚುರಿ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ಅಪಹರಿಸಿದನು. 1184ರ ಸುಮಾರಿಗೆ ನಾಲ್ಕನೆಯ ಸೋಮೇಶ್ವರನು ರಾಜ್ಯವನ್ನು ಮರಳಿ ಪಡೆದು, ಕೆಲವು ಕಾಲ ಅಣ್ಣಿಗೇರಿಯಿಂದಲೇ ಆಳಿದನು. ಅಷ್ಟರಲ್ಲಿ ಬಡಗಣಿಂದ ಸೇವುಣರ ಭಿಲ್ಲಮನೂ ತೆಂಕಣಿಂದ ಹೊಯ್ಸಳ ವೀರಬಲ್ಲಾಳನೂ ಏರಿಬಂದರು. ಸೊರಟೂರಿನ ಕಾಳಗದಲ್ಲಿ ಭಿಲ್ಲಮನು ಸೋತನು. 1192ರ ಗದುಗಿನ ಶಾಸನದ ವೇಳೆಗೆ ಬಲ್ಲಾಳನು ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟಿದ್ದನು. ಮುಂದೆ ಭಿಲ್ಲಮನ ಮೊಮ್ಮಗ ಸಿಂಘಣನ ಕಾಲಕ್ಕೆ ಈ ಸೀಮೆಯು ಸೇವುಣರ ಪಾಲಾಯಿತು. ಹೀಗೆ ಒಂದು ಆಯುಷ್ಯದೊಳಗೆ ಬೆಳ್ವೊಲದ ಮನುಷ್ಯನು ನಾಲ್ಕು ಮನೆತನಗಳ ಆಳಿಕೆಯನ್ನು ಕಾಣಬೇಕಾಯಿತು.

ಒಕ್ಕಲಿಗನು ಹೊಲವನ್ನು ಹೊತ್ತುಕೊಂಡು ಹೋಗಲಾರನು. ಯಾರು ಗೆದ್ದರೂ ಅವರಿಗೆ ತೆರಿಗೆ ಕೊಟ್ಟು ನೆಲವನ್ನೇ ನಂಬಿರಬೇಕು. ವ್ಯಾಪಾರಿಯ ಮಾತು ಬೇರೆ. ಅವನ ಬಂಡವಾಳವು ಎತ್ತಿನ ಬೆನ್ನಮೇಲೆ ಸಾಗುತ್ತದೆ. ಹಾಗಾದರೆ ಅವನು ಯಾವ ನಾಡಿಗೆ ಹೋಗಬೇಕು? ಯಾವ ಗುಣಗಳನ್ನು ಕಂಡು ಒಂದು ಪಟ್ಟಣದಲ್ಲಿ ನೆಲಸಬೇಕು? ಅಂದಿನ ಶಾಸನಗಳನ್ನೂ ಪ್ರವಾಸಿಗಳ ಬರೆಹಗಳನ್ನೂ ಕೂಡಿಸಿ ನೋಡಿದರೆ ಈ ಪ್ರಶ್ನೆಗೆ ಉತ್ತರವು ತಕ್ಕಮಟ್ಟಿಗೆ ದೊರೆಯುತ್ತದೆ.

ಕನ್ನಡ ವ್ಯಾಪಾರಿಗಳಲ್ಲಿ ಅಗ್ರಗಣ್ಯರು ಅಯ್ಯಾವೊಳೆಯ ಐನೂರ್ವರು. ಮಲಪ್ರಭೆಯ ದಂಡೆಯ ಐಹೊಳೆಯೇ ಈ ಸಂಘದ ಮೂಲಸ್ಥಾನ. ವೀರಬಣಂಜುಧರ್ಮವೆಂಬ ಕಟ್ಟಳೆಯನ್ನು ಪಾಲಿಸುವ ಇವರಿಗೆ ವೃಷಭಧ್ವಜವಿತ್ತು. ಸರಕನ್ನು ಕಾಯಲು ಆಯುಧ ಹಿಡಿದ ಪಡೆಯೂ ಇತ್ತು. ಶಿಕಾರಿಪುರದ 1054ರ ಶಾಸನವೊಂದು ಇವರು ಸಂಚರಿಸಿದ ದೇಶಗಳನ್ನು ಎಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ, ಪಾರಸ ಮೊದಲಾದ ಹೆಸರುಗಳ ಸಾಲಿನಲ್ಲಿಯೇ ಸ್ತ್ರೀರಾಜ್ಯ, ಲಂಬಕರ್ಣ ಎಂಬ ಕಥೆಯ ನಾಡುಗಳೂ ಬರುವವು. ಆದ್ದರಿಂದ ಅದನ್ನು ಪೂರ್ತಿಯಾಗಿ ಭೂಗೋಳವೆಂದು ಓದಲಾಗದು. ಆದರೆ ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳ ಪಟ್ಟಿಯು ಕಥೆಯಲ್ಲ. ನೆಲದ ದಾರಿಯಿಂದಲೂ ನೀರಿನ ದಾರಿಯಿಂದಲೂ ಹೋಗಿಬರುತ್ತಿದ್ದ ಜನರ ಅನುಭವವು ಅದರಲ್ಲಿದೆ.

ಇಂಥವರು ಮೊದಲು ನೋಡುತ್ತಿದ್ದದ್ದು ಸುಂಕವನ್ನು. ಸುಂಕವು ಹೆಚ್ಚೋ ಕಡಿಮೆಯೋ ಎಂಬದಕ್ಕಿಂತ ಅದು ಗೊತ್ತಾದದ್ದೋ ಅಲ್ಲವೋ ಎಂಬದೇ ಮುಖ್ಯ. ಕಾಕತೀಯ ಗಣಪತಿದೇವನು 1244ರ ಸುಮಾರಿಗೆ ಆಂಧ್ರದ ಮೋಟುಪಲ್ಲಿ ಬಂದರಿನಲ್ಲಿ ಕೆತ್ತಿಸಿದ ಅಭಯಶಾಸನವು ಇದಕ್ಕೆ ಸಾಕ್ಷಿ. ಬಿರುಗಾಳಿಗೆ ಸಿಕ್ಕು ಒಡೆದು ದಡಕ್ಕೆ ಬಂದ ಹಡಗಿನ ಸರಕನ್ನೆಲ್ಲ ಹಿಂದಿನ ಅರಸರು ಬಲಾತ್ಕಾರದಿಂದ ಕಿತ್ತುಕೊಳ್ಳುತ್ತಿದ್ದರಂತೆ. ತಾನು ಹಾಗೆ ಮಾಡದೆ, ಗೊತ್ತಾದ ಸುಂಕದ ಹೊರತು ಬೇರೇನನ್ನೂ ತೆಗೆದುಕೊಳ್ಳುವದಿಲ್ಲವೆಂದು ಈ ಅರಸನು ಕಲ್ಲಿನಲ್ಲಿ ಬರೆಯಿಸಿದನು. ಸುಂಕವು ಮೂವತ್ತಕ್ಕೆ ಒಂದು.

ಈ ಅಭಯದ ಬೆಲೆಯನ್ನು ತಿಳಿಯಬೇಕಾದರೆ ಪಡುಗಡಲಿನ ಕಡೆಗೆ ನೋಡಬೇಕು. ತಮ್ಮ ಬಂದರಿಗೆ ಹೊರಟಿರದ ಹಡಗು ಗಾಳಿಯಿಂದ ಬಂದು ಬಿದ್ದರೆ, ದೇವರೇ ಅದನ್ನು ತಮಗೆ ಕಳಿಸಿದನೆಂದು ಏಳಿಮಲೆಯವರು ಎಲ್ಲವನ್ನೂ ದೋಚುತ್ತಿದ್ದರೆಂದು ಮಾರ್ಕೋ ಪೋಲೋ ಬರೆದಿದ್ದಾನೆ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತನು ಮಲೆಯಾಳದಲ್ಲೆಲ್ಲ ಒಡೆದ ಹಡಗಿನ ಸರಕು ಬೊಕ್ಕಸಕ್ಕೆ ಸೇರುವದೆಂದೂ, ಕಲ್ಲಿಕೋಟೆಯಲ್ಲಿ ಮಾತ್ರ ಅದು ಒಡೆಯರಿಗೇ ಸಲ್ಲುವದೆಂದೂ, ಆ ಊರಿನ ಏಳ್ಗೆಗೆ ಇದೇ ಕಾರಣವೆಂದೂ ಹೇಳುತ್ತಾನೆ.

ಎರಡನೆಯದಾಗಿ, ಹೋದಲ್ಲಿ ತನ್ನವರು ಇರುವರೋ ಎಂಬದನ್ನು ವ್ಯಾಪಾರಿಯು ವಿಚಾರಿಸುತ್ತಿದ್ದನು. ಸುಮಾತ್ರಾ ದ್ವೀಪದಲ್ಲಿ ಕರ್ಪೂರಕ್ಕೆ ಹೆಸರಾದ ಬರೂಸಿನ ಬಳಿ ಶಕ 1010ರ, ಎಂದರೆ 1088ರ, ಐನೂರ್ವರ ಶಾಸನವು ದೊರೆತಿದೆ. ಹಡಗಿನವರು ಕಸ್ತೂರಿಯ ಬೆಲೆಗೆ ತಕ್ಕ ಹೊನ್ನನ್ನು ಕೊಟ್ಟ ಬಳಿಕವೇ ಪಟ್ಟಣವನ್ನು ಹೋಗತಕ್ಕದ್ದೆಂಬ ಕಟ್ಟಳೆಯು ಅದರಲ್ಲಿದೆ. ಅದರ ಭಾಷೆ ತಮಿಳು. ಐಹೊಳೆಯ ಹೆಸರನ್ನು ಹೊತ್ತ ಸಂಘವು ಕಡಲಾಚೆ ತಮಿಳಿನಲ್ಲಿ ಮಾತಾಡಿದ್ದನ್ನು ಕಂಡು ಕನ್ನಡಿಗರು ಸಣ್ಣಮೋರೆ ಮಾಡಬೇಕಾಗಿಲ್ಲ. ನಾನಾದೇಶಿಗಳೆಂದು ತಮ್ಮನ್ನು ಕರೆದುಕೊಂಡವರಿಗೆ ಕಟ್ಟಳೆಯೇ ನಂಟು. ಭಾಷೆಯು ಆಯಾ ಬಂದರಿನದು.

ಮೂರನೆಯದು ದೇವರ ವಿಷಯ. ಪರದೇಶಿಯು ತನ್ನ ದೇವರನ್ನು ಪೂಜಿಸುವಂತಿರಬೇಕು. ಗೋವೆಯ ಕದಂಬ ಒಂದನೆಯ ಜಯಕೇಶಿಯ 1053ರ ತಾಮ್ರಪಟವು ಅರಬ ಮೂಲದ ಛದಮನೆಂಬ ಅಧಿಕಾರಿಯ ಮಸೀದಿಯ ವೆಚ್ಚಕ್ಕೆ ಬಂದರಿನ ಹಡಗುಗಳ ಸುಂಕವನ್ನು ಬಿಟ್ಟುಕೊಟ್ಟಿತು. ಹೊರಗಿನವರೊಡನೆ ಜಗಳಗಳೇ ಆಗುತ್ತಿರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ 4000 ಮುಸಲ್ಮಾನರು ಇದ್ದರೆಂದೂ, ಊರವರೊಡನೆ ಅವರಿಗೆ ಆಗಾಗ ಕದನವಾದರೆ ವ್ಯಾಪಾರಿಗಳು ಬೇಕಾದ ಅರಸನು ನಡುವೆ ಬಂದು ಸಮಾಧಾನ ಮಾಡುತ್ತಿದ್ದನೆಂದೂ ಇಬ್ನ್ ಬತೂತನೇ ಬರೆದಿದ್ದಾನೆ.

ಸಂಘದ ಬೆಂಬಲವಿಲ್ಲದೆ ಒಬ್ಬಂಟಿಗನಾಗಿ ನಾಡನ್ನು ಆರಿಸಿಕೊಂಡವನ ಕಥೆಯೂ ಕರ್ನಾಟಕದಲ್ಲಿಯೇ ಉಂಟು. ಉತ್ತರ ಆಫ್ರಿಕದ ಮಹದಿಯಾ ಪಟ್ಟಣದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವು ಏಡನ್ನಿನ ಮೇಲೆ ಹಾಯ್ದು ಮಂಗಳೂರಿಗೆ ಬಂದನು. ಕೈರೋದ ಹಳೆಯ ಸಿನಗಾಗದಲ್ಲಿ ಉಳಿದ ಕಾಗದಗಳಿಂದ ಅವನ ಬಾಳು ಬೆಳಕಿಗೆ ಬಂದಿದೆ. 1132ರಲ್ಲಿ ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದನು. ಅವಳನ್ನೇ ಮದುವೆಯಾದನೆಂದು ವಿದ್ವಾಂಸರ ಮತ. ಏಡನ್ನಿನಿಂದ ತಾಮ್ರವನ್ನೂ ಹಳೆಯ ಪಾತ್ರೆಗಳನ್ನೂ ತರಿಸಿ, ಇಲ್ಲಿಯ ಕೆಲಸಗಾರರಿಂದ ಹೊಸ ಪಾತ್ರೆಗಳನ್ನು ಮಾಡಿಸಿ ಕಳಿಸುತ್ತಿದ್ದನು. ಮೆಣಸು, ಅಡಿಕೆ, ಕಬ್ಬಿಣಗಳೂ ಹೋಗುತ್ತಿದ್ದವು. ಬರೆಯುವ ಕಾಗದವು ಮಾತ್ರ ಅತ್ತಣಿಂದಲೇ ಬರಬೇಕಾಗಿತ್ತು. ಬೊಮ್ಮನೆಂದು ಓದಲಾದ ಹೆಸರಿನ ಆಳು ಅವನ ಪರವಾಗಿ ಏಡನ್ನಿಗೆ ಹೋಗಿಬಂದನು. ಹೀಗೆ ಸುಮಾರು ಹದಿನೇಳು ವರ್ಷ ಅವನು ತುಳುನಾಡಿನಲ್ಲಿ ಬಾಳಿದನು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹದಿಯಾವನ್ನು ಹಿಡಿದರು. ಮರುವರ್ಷ ಬೆನ್ ಯಿಜುವು ಮಕ್ಕಳೊಡನೆ ಏಡನ್ನಿಗೆ ಮರಳಿ, ತನ್ನವರನ್ನು ಹುಡುಕಿ ಓಲೆಗಳನ್ನು ಬರೆದನು. ಗಳಿಸಿದ ಹಣವು ಎಲ್ಲರಿಗೂ ಸಾಕಾಗುವದೆಂದೂ, ಮಗಳನ್ನು ಒಡಹುಟ್ಟಿದವರ ಮಗನಿಗೇ ಕೊಡುವೆನೆಂದೂ ತಿಳಿಸಿದನು. ಆ ಮದುವೆಯು 1156ರಲ್ಲಿ ಈಜಿಪ್ತದಲ್ಲಿ ಆಯಿತು. ಆದರೆ ಅಷ್ಟರಲ್ಲಿ ಮಗನು ತೀರಿಹೋಗಿದ್ದನು. ಆಶುವಿನ ಸುದ್ದಿಯು ಆ ಓಲೆಗಳಲ್ಲಿ ಇಲ್ಲ. ಸುಂಕ, ಸರಕು, ಅರಸನ ಅಭಯ ಎಲ್ಲವೂ ಅನುಕೂಲವಾಗಿದ್ದರೂ, ಮಕ್ಕಳನ್ನು ಯಾರಿಗೆ ಕೊಡಬೇಕು, ಮುಪ್ಪಿನಲ್ಲಿ ಯಾರ ನಡುವೆ ಇರಬೇಕು ಎಂಬ ಲೆಕ್ಕವನ್ನು ಮಂಗಳೂರು ಅವನಿಗೆ ತೀರಿಸಿಕೊಡಲಿಲ್ಲ.

ಐನೂರ್ವರ ಬಲವು ಇಲ್ಲಿಯೇ ತಿಳಿಯುವದು. ಹೋದಲ್ಲೆಲ್ಲ ಅವರು ನಂಟರನ್ನೂ ಕಟ್ಟಳೆಯನ್ನೂ ಕಾವಲನ್ನೂ ಕೂಡಿಸಿಕೊಂಡೇ ಹೋದರು. ಆದಕಾರಣ ಬೆಳ್ವೊಲದ ವ್ಯಾಪಾರಿಗೆ ಅರಸರ ಬದಲಾವಣೆಯು ಒಕ್ಕಲಿಗನಿಗೆ ಆದಷ್ಟು ಭಾರವಾಗಿರಲಿಕ್ಕಿಲ್ಲ. ಚಾಲುಕ್ಯನ ಸುಂಕದ ಕಟ್ಟೆಯಲ್ಲಿ ಹೊಯ್ಸಳನ ಅಧಿಕಾರಿ ಬಂದು ಕುಳಿತರೂ, ಪೇಟೆಯಲ್ಲಿ ಕೂಡುವ ಸಂಘವು ಅದೇ ಆಗಿತ್ತು. ಅರಸರಿಗೂ ಇದು ಗೊತ್ತಿತ್ತು. ಒಕ್ಕಲಿಗನನ್ನು ಗದರಿಸಿಯಾದರೂ ಉಳಿಸಿಕೊಳ್ಳಬಹುದು. ವ್ಯಾಪಾರಿಯನ್ನು ಕರೆದು, ಮಾತು ಕೊಟ್ಟು, ಆ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ ಉಳಿಸಿಕೊಳ್ಳಬೇಕು. ಅಣ್ಣಿಗೇರಿಯ ರಾಜಧಾನಿಯ ವೈಭವವು ಕೆಲವೇ ವರ್ಷಗಳದಾಯಿತು. ಎರೆನೆಲದ ಬೆಳೆಯೂ ಅದನ್ನು ಕೊಳ್ಳುವ ಪೇಟೆಯೂ ಆ ಅರಸರೆಲ್ಲ ಅಳಿದ ಬಳಿಕವೂ ಉಳಿದುಬಂದವು.